ಅರಕು ಕಣಿವೆಯ ಕಾಫಿ ಲೆಕ್ಕ

ವಿಶಾಖಪಟ್ಟಣದಿಂದ ಅರಕುಗೆ ಹೋಗುವವರು ಬಸ್ಸು ಬಿಟ್ಟು ರೈಲು ಹಿಡಿಯಬೇಕು. ಕಿರಂದುಲ್ ಪ್ಯಾಸೆಂಜರ್ ಬೆಳಗ್ಗೆ ಏಳಕ್ಕೆ ಮುಂಚೆಯೇ ಹೊರಟುಬಿಡುತ್ತೆ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಡಿಸೆಂಬರ್‌ನಲ್ಲಿ ಸಿಗುವ ಮಾತೇ ಇಲ್ಲ. ನಮಗೆ ಸಿಕ್ಕಿದ್ದು ಸಾದಾ ಬೋಗಿ. ಶೃಂಗವರಪುಕೋಟ ದಾಟಿದ ಮೇಲೆ ಘಟ್ಟ ಶುರು. ದಾರಿಯಲ್ಲಿ 58 ಸುರಂಗ. ಒಂದೊಂದಕ್ಕೂ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ. ಹತ್ತನೆಯದರ ಹೊತ್ತಿಗೆ ದೊಡ್ಡವರೂ ಶುರು ಮಾಡಿದ್ದರು.

ಈ ಹಳಿ ಹಾಕಿದ್ದು ಪ್ರವಾಸಿಗಳಿಗೋಸ್ಕರ ಅಲ್ಲ. ಬಸ್ತರ್‌ನ ಬೈಲಾಡಿಲ ಬೆಟ್ಟದ ಕಬ್ಬಿಣದ ಅದಿರನ್ನು ವಿಶಾಖಪಟ್ಟಣ ಬಂದರಿಗೆ ಇಳಿಸಿ ಜಪಾನಿಗೆ ಕಳಿಸಲು 1960ರ ದಶಕದಲ್ಲಿ ಬಂದ ಹಳಿ ಇದು. ಈಗಲೂ ಎದುರಿನಿಂದ ಅದಿರಿನ ಗೂಡ್ಸ್ ಬಂದರೆ ನಮ್ಮ ಗಾಡಿ ಸುಮ್ನೆ ಪಕ್ಕಕ್ಕೆ ನಿಂತು ದಾರಿ ಬಿಡಬೇಕು. ಬೊರ್ರಾ ಗುಹೆ ನೋಡುವವರು ಗುಂಪುಗುಂಪಾಗಿ ಇಳಿದುಹೋದರು. ನಾವು ಕೂತೇ ಇದ್ದೆವು.

ನಾವು ಅಂದರೆ ನಾನು ಮತ್ತು ನನ್ನ ಗೆಳೆಯ. ಅವನು ಮೂಡಿಗೆರೆ ಕಡೆಯವನು, ಕಾಫಿ ತೋಟದಲ್ಲೇ ಬೆಳೆದವನು. ಈಗ ಮೈಸೂರಿನಲ್ಲಿ ಸಣ್ಣದೊಂದು ರೋಸ್ಟಿಂಗ್ ಅಂಗಡಿ ಇಟ್ಟಿದ್ದಾನೆ. 'ನ್ಯಾಯದ ಬೆಲೆ ಕೊಟ್ಟು ರೈತರಿಂದ ನೇರವಾಗಿ ಕೊಂಡ ಕಾಫಿ' ಅಂತ ಪೊಟ್ಟಣದ ಮೇಲೆ ಬರೆಯುವ ಆಸೆ ಅವನಿಗೆ. ಬರೆಯೋದಕ್ಕೆ ಮೊದಲು ಹೋಗಿ ಕಣ್ಣಾರೆ ನೋಡಬೇಕು ಅನ್ನುವ ಹಟ ಕೂಡ. ನಾನು ತೆಲುಗು ಬಲ್ಲ ಬಳ್ಳಾರಿಯವನು, ಹಾಗಾಗಿ ಜೊತೆಗೆ.

ಅರಕು ಹತ್ತಿರವಾಗುತ್ತಿದ್ದಂತೆ ಕಿಟಕಿ ಆಚೆ ಎಲ್ಲ ಹಳದಿ. ಹುಚ್ಚೆಳ್ಳು ಹೂ! ನಮ್ಮಲ್ಲಿ ಹೊಲದ ಅಂಚಿಗೆ ಒಂದೆರಡು ಸಾಲು ಹಾಕಿದರೆ ಹೆಚ್ಚು. ಇಲ್ಲಿ ಇಡೀ ಇಳಿಜಾರಿಗೇ ಹಾಕುತ್ತಾರೆ. ಪ್ರವಾಸಿಗಳು ಹೊಲದೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಚಟ್ನಿಪುಡಿಯ ಬೆಳೆಗೆ ಇಂಥ ಮರ್ಯಾದೆ ಬೇರೆಲ್ಲೂ ಸಿಕ್ಕಿರಲಾರದು.

ಸ್ಟೇಷನ್ನಿಂದ ಆಟೊ, ಅಲ್ಲಿಂದ ಜೀಪು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನವರು ಹಾಗೆ ಕೇಳಿಕೊಂಡಿದ್ದಾರೆ. ಕಾರಣ ಮುಂದೆ ಹೇಳುತ್ತೇನೆ.

ಮಲೆನಾಡಿನ ಕಣ್ಣಿಗೆ ಇಲ್ಲಿನ ಕಾಫಿ ತೋಟ ಅನ್ನಿಸುವುದೇ ಇಲ್ಲ. ಬೇಲಿ ಇಲ್ಲ, ಗೇಟಿಲ್ಲ, ಆಳುಗಳ ಲೈನ್ ಮನೆ ಇಲ್ಲ, ಲೆಕ್ಕ ಬರೆಯುವ ರೈಟರ್ ಇಲ್ಲ. ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಹಲಸು, ಕೆಳಗೆ ಕಾಫಿ. ಒಬ್ಬರ ಗಿಡ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಅಂತ ಅವರಿಗೇ ಗೊತ್ತು. ಗೆಳೆಯ ಒಂದು ಗಿಡದ ಹತ್ತಿರ ಹೋಗಿ ಎಲೆ ತಿರುಗಿಸಿ ನೋಡಿ, 'ಇದು ನಮ್ಮ 795 ಕಣೋ' ಅಂದ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ತಳಿ. ಊರವನು ಸಿಕ್ಕ ಹಾಗೆ ಅದರ ರೆಂಬೆ ಹಿಡಿದು ನಿಂತುಬಿಟ್ಟ.

ಈ ಬೆಟ್ಟಗಳಿಗೆ ಕಾಫಿ ಬಂದು ನೂರು ವರ್ಷ ದಾಟಿದೆ. 1898ರಲ್ಲಿ ಬ್ರೋಡಿ ಅನ್ನುವ ಬ್ರಿಟಿಷ್ ಅಧಿಕಾರಿ ಪೂರ್ವ ಗೋದಾವರಿಯ ಪಾಮುಲೇರು ಕಣಿವೆಯಲ್ಲಿ ಮೊದಲು ನೆಡಿಸಿದನಂತೆ. ಆದರೆ ಗಿರಿಜನರ ಕೈಗೆ ಅದು ದೊಡ್ಡದಾಗಿ ಬಂದಿದ್ದು ಸ್ವಾತಂತ್ರ್ಯದ ನಂತರ. ಕಾಡು ಕಡಿದು, ಸುಟ್ಟು, ರಾಗಿ ಸಾಮೆ ಬೆಳೆದು ಮುಂದಕ್ಕೆ ಹೋಗುವ ಪೋಡು ಬೇಸಾಯ ಬಿಡಿಸಬೇಕು ಅಂತ ಸರ್ಕಾರ ಕಾಫಿ ಹಂಚಿತು. ನೆರಳಿಗೆ ಮರ ಬೇಕೇ ಬೇಕು, ಹಾಗಾಗಿ ಮರ ಉಳಿಯುತ್ತೆ ಅನ್ನುವ ಲೆಕ್ಕ. ಇವತ್ತು ಪಾಡೇರು ಸುತ್ತಿನ ಬೆಟ್ಟಗಳಲ್ಲಿ ಎರಡು ಲಕ್ಷ ಎಕರೆಗೂ ಜಾಸ್ತಿ ಕಾಫಿ ಇದೆ. ಕುಟುಂಬಗಳೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮನೆಗೆ ಸುಮಾರು ಒಂದೆಕರೆ.

ಇಲ್ಲಿ ಎಸ್ಟೇಟುಗಳು ಬೆಳೆಯದೇ ಇರೋದಕ್ಕೆ ಒಂದು ಕಾನೂನಿನ ಕಾರಣವೂ ಇದೆ. ಭೂ ವರ್ಗಾವಣೆಯ 1970ರ ಒಂದನೇ ನಿಯಮದ ಪ್ರಕಾರ ಈ ಪ್ರದೇಶದ ಭೂಮಿಯನ್ನು ಗಿರಿಜನರಲ್ಲದವರು ಕೊಳ್ಳುವಂತಿಲ್ಲ. ಇದೇ ಅನಂತಗಿರಿ, ಬೊರ್ರಾ ಸುತ್ತ ಗಣಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ 'ಸಮತಾ' ಅನ್ನುವ ಸಂಸ್ಥೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1997ರಲ್ಲಿ ಗೆದ್ದಿತು. ಆ ತೀರ್ಪು ಬರದೇ ಹೋಗಿದ್ದರೆ ಈ ಬೆಟ್ಟಗಳಲ್ಲಿ ಕಾಫಿ ಕುಯ್ಲು ನೋಡಲು ಯಾರೂ ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ನಾವು ಹೋದಾಗ ಕುಯ್ಲು ಭರ್ಜರಿಯಾಗಿ ನಡೆದಿತ್ತು. ಊರಿನ ಕಾಫಿ ಬೆಳೆಗಾರರದೇ ಒಂದು ಸಂಘ ಇದೆ. ಸಂಘದ ಕಣ ಅಂದರೆ ಶಾಲೆಯ ಹಿಂದಿನ ಒಂದು ಸಮತಟ್ಟು ಜಾಗ. ಬಿದಿರಿನ ಮಂಚಗಳ ಮೇಲೆ ಬಲೆ ಹಾಸಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಬೀಜ, ಒಣಗಲು ಹಾಕಿದ್ದರು. ಮೂಲೆಯಲ್ಲಿ ತಿರುಳು ಬಿಡಿಸುವ ಯಂತ್ರ, ಪಲ್ಪರ್. ಸಂಜೆ ನಾಲ್ಕಕ್ಕೆ ಹೆಂಗಸರು ಹಣ್ಣು ಹೊತ್ತು ಬರತೊಡಗಿದರು. ತೂಕಕ್ಕೆ ಮೊದಲು ಪರೀಕ್ಷೆ. ಸಂಘದ ಖಜಾಂಚಿ ಐವತ್ತು ದಾಟಿದ ಗಟ್ಟಿಗಿತ್ತಿ. ಪ್ರತಿ ಚೀಲದಿಂದ ಒಂದು ಬೊಗಸೆ ತೆಗೆದು ಬಕೆಟ್ ನೀರಿಗೆ ಸುರಿಯುತ್ತಿದ್ದರು. ಮುಳುಗಿದ್ದು ಹಣ್ಣು, ತೇಲಿದ್ದು ಜೊಳ್ಳು. ತೇಲಿದ್ದನ್ನು ಎಣಿಸುತ್ತಾರೆ. ಹಸಿರು, ಅರೆಹಣ್ಣು ಕಂಡರೆ ಚೀಲ ಪೂರ್ತಿ ಚಾಪೆ ಮೇಲೆ ಸುರಿದು ಆರಿಸಲು ಕೂರಿಸುತ್ತಾರೆ. ಅವರ ಸ್ವಂತ ತಂಗಿಯ ಚೀಲವೂ ಚಾಪೆಗೆ ಬಿತ್ತು. ತಂಗಿ ಏನೋ ಗೊಣಗಿದಳು, ನಾನು ಅನುವಾದ ಮಾಡಲು ಹೋಗಲಿಲ್ಲ.

ಗೆಳೆಯ ಒಣಗುತ್ತಿದ್ದ ಪಾರ್ಚ್‌ಮೆಂಟಿನಿಂದ ಒಂದು ಕಾಳು ತೆಗೆದು, ಸಿಪ್ಪೆ ಸುಲಿದು ಹಲ್ಲಲ್ಲಿ ಕಚ್ಚಿದ. ಹಲ್ಲಿನ ಗುರುತು ಬಿತ್ತು. 'ಇನ್ನೂ ಎರಡು ಬಿಸಿಲು ಬೇಕು' ಅಂದ. ಖಜಾಂಚಿಯಮ್ಮ ತಾವೂ ಒಂದು ಕಚ್ಚಿ, 'ಮೂರು, ಬಾಬು' ಅಂದರು. ಅಲ್ಲಿಂದ ಮುಂದೆ ಇಬ್ಬರ ಮಾತಿಗೆ ನನ್ನ ಸಹಾಯ ಅಷ್ಟಾಗಿ ಬೇಕಾಗಲಿಲ್ಲ.

ರಾತ್ರಿ ಅವರ ಮನೆಯಲ್ಲೇ ಊಟ. ರಾಗಿ ಅಂಬಲಿ, ಅನ್ನ, ಬಿದಿರಿನೊಳಗೆ ಬೇಯಿಸಿದ ಕೋಳಿ. ಊಟದ ನಂತರ ಬಂದಿದ್ದು ಟೀ. ಕಾಫಿ ಮನೆಯಲ್ಲಿ ಕುಡಿಯೋದಿಲ್ವಾ ಅಂದರೆ ನಕ್ಕರು. 'ಸಂಘದಲ್ಲಿ ಒಂದು ಸಲ ಕುಡಿಸಿದ್ರು, ಸಕ್ಕರೆ ಇಲ್ದೆ. ಔಷಧಿ ಥರ ಇತ್ತು.'

ಆಮೇಲೆ ದುಡ್ಡಿನ ಮಾತು. ನ್ಯಾಯದ ಬೆಲೆ ಅಂದಾಗ ನಮ್ಮ ತಲೆಗೆ ಬರೋದು ಫೇರ್‌ಟ್ರೇಡ್ ಮುದ್ರೆ. ಆ ಮುದ್ರೆ ಹುಟ್ಟಿದ್ದು 1988ರಲ್ಲಿ, ನೆದರ್ಲೆಂಡ್ಸ್‌ನಲ್ಲಿ, ಮ್ಯಾಕ್ಸ್ ಹಾವೆಲಾರ್ ಅನ್ನುವ ಹೆಸರಲ್ಲಿ. ಮೆಕ್ಸಿಕೋದ ಒಆಹಾಕಾದ ಮೂಲನಿವಾಸಿ ರೈತರ ಸಹಕಾರ ಸಂಘವೊಂದರ ಕಾಫಿಯಿಂದ ಅದು ಶುರು. ಮರುವರ್ಷವೇ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಕುಸಿದು ಬೆಲೆ ನೆಲಕಚ್ಚಿತು. ಹಾಗಾಗಿ ಮುದ್ರೆಗೆ ಬೆಲೆ ಬಂತು. ಅದರ ನಿಯಮ ಸರಳ. ಮಾರುಕಟ್ಟೆ ಎಷ್ಟೇ ಬಿದ್ದರೂ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅನ್ನುವ ತಳದ ಬೆಲೆ. 2023ರಿಂದ ತೊಳೆದ (ತಿರುಳು ತೆಗೆದು ಒಣಗಿಸಿದ) ಅರೇಬಿಕಾ ಕಾಫಿಗೆ ಅದು ಪೌಂಡಿಗೆ 1.80 ಡಾಲರ್. ಮೇಲೆ 20 ಸೆಂಟ್ ಪ್ರೀಮಿಯಂ. ಆ ಪ್ರೀಮಿಯಂ ಹೇಗೆ ಖರ್ಚಾಗಬೇಕು ಅಂತ ಸಂಘದ ಸಭೆಯೇ ತೀರ್ಮಾನಿಸಬೇಕು. ಕಾಫಿಯಲ್ಲಿ ಈ ಮುದ್ರೆ ಸಣ್ಣ ರೈತರ ಸಂಘಗಳಿಗೆ ಮಾತ್ರ. ದೊಡ್ಡ ಎಸ್ಟೇಟುಗಳಿಗೂ ಕೊಡಬೇಕು ಅಂತ ಅಮೆರಿಕದ ಶಾಖೆ 2011ರಲ್ಲಿ ಬೇರೆಯಾಗಿಯೇ ಹೋಯಿತು. ನಮ್ಮ ಕೊಡಗಿನ ನೂರಾರು ಎಕರೆ ಸಾಹುಕಾರರಿಗೆ ಹಳೇ ಮುದ್ರೆ ಸಿಗದೇ ಇರೋದು ಇದಕ್ಕೇ.

ಗೆಳೆಯ ಇದನ್ನೆಲ್ಲ ಹೇಳಿದ. ನಾನು ತೆಲುಗಿಗೆ ತಿರುಗಿಸಿದೆ. ಖಜಾಂಚಿಯಮ್ಮ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: 'ದುಡ್ಡು ಯಾವಾಗ ಕೊಡ್ತಾರೆ?'

ಇಡೀ ಪ್ರವಾಸದಲ್ಲಿ ನನಗೆ ನಾಟಿದ್ದು ಈ ಪ್ರಶ್ನೆ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿತ್ತು. ಆಗ 1.80ರ ತಳ ಯಾರಿಗೆ ಬೇಕು? ಬೆಲೆ ಬಿದ್ದಾಗ ರೈತರು ಸಂಘದ ಹತ್ತಿರ ಬರುತ್ತಾರೆ. ಬೆಲೆ ಏರಿದಾಗ ಮೋಟಾರ್ ಬೈಕಿನಲ್ಲಿ ದಲ್ಲಾಳಿ ಮನೆ ಬಾಗಿಲಿಗೇ ಬರುತ್ತಾನೆ. ಜೇಬಲ್ಲಿ ನೋಟಿನ ಕಟ್ಟು. ಹಸಿರು ಕಾಯಿ, ಜೊಳ್ಳು, ಎಲ್ಲ ಒಂದೇ ರೇಟು. ಬಕೆಟ್ ಇಲ್ಲ, ಚಾಪೆ ಇಲ್ಲ. ಸಂಘದ ದುಡ್ಡು ಬ್ಯಾಂಕ್ ಖಾತೆಗೆ ವಾರಗಳ ಮೇಲೆ ಬರುತ್ತೆ. ಜನವರಿಯಲ್ಲಿ ಸಂಕ್ರಾಂತಿ, ಆಮೇಲೆ ಮದುವೆ ಕಾಲ. ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆ ಆದರೂ ಕೈಗೆ ಬಂದ ದುಡ್ಡೇ ದುಡ್ಡು. ಮಳೆಗಾಲದಲ್ಲಿ ಮುಂಗಡ ಕೊಟ್ಟವನೂ ಅದೇ ದಲ್ಲಾಳಿ ಆಗಿದ್ದರೆ ಮಾತಾಡುವುದಕ್ಕೇ ಇಲ್ಲ. ಊರಿನ ಹೆಸರು ಹಾಕಬೇಡಿ ಅಂದಿದ್ದು ಇದಕ್ಕೆ. ಸಂಘದ ಅರ್ಧ ಸದಸ್ಯರಿಗೆ ಅವನ ಜೊತೆ ಇನ್ನೂ ಲೆಕ್ಕ ಬಾಕಿ ಇದೆ.

ಅಲ್ಲೇ ಬೆಟ್ಟದ ಆಚೆ ಇದಕ್ಕೆ ಬೇರೆ ಥರದ ಉತ್ತರ ಹುಡುಕಿದವರೂ ಇದ್ದಾರೆ. ನಾಂದಿ ಫೌಂಡೇಶನ್ ಅನ್ನುವ ಸೇವಾಸಂಸ್ಥೆ ಜೊತೆಗೂಡಿ ಸಾವಿರಾರು ಗಿರಿಜನ ರೈತರು ಕಟ್ಟಿಕೊಂಡ ಸಹಕಾರ ಸಂಘ ಅದು. ಆಂಧ್ರದ 1995ರ ಪರಸ್ಪರ ಸಹಾಯ ಸಹಕಾರ ಕಾಯ್ದೆ ಕೆಳಗೆ ನೋಂದಣಿಯಾದದ್ದು. ನಮ್ಮ ಸೌಹಾರ್ದ ಸಹಕಾರಿಗಳ ಥರದ್ದು ಅಂದುಕೊಳ್ಳಿ. ಅವರು ರೈತರಿಂದ ಹಣ್ಣನ್ನೇ ಕೊಂಡು ಒಂದೇ ಕಡೆ ಪಲ್ಪ್ ಮಾಡುತ್ತಾರೆ. ಹುರಿದು ಮಾರುವ ಬ್ರ್ಯಾಂಡನ್ನೂ ನಾಂದಿ ಕಡೆಯವರೇ ಕಟ್ಟಿದರು. 2017ರಲ್ಲಿ ಪ್ಯಾರಿಸ್‌ನ ಮರೇ ಬಡಾವಣೆಯಲ್ಲಿ ಅಂಗಡಿ, 2021ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಕೆಫೆ. ಇನ್ನೊಂದು ಕಡೆ ಸರ್ಕಾರದ ಗಿರಿಜನ ಸಹಕಾರ ನಿಗಮ 1956ರಿಂದ ಇದೆ, ಅದೂ ಕಾಫಿ ಕೊಳ್ಳುತ್ತೆ. 2019ರಲ್ಲಿ ಅರಕು ಅರೇಬಿಕಾಗೆ ಭೌಗೋಳಿಕ ಗುರುತೂ (ಜಿಐ) ಬಂತು. ಅದೇ ಹೊತ್ತಿಗೆ ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗೂ ಬಂತು. ದೊಡ್ಡವರಿಗೆ ದೊಡ್ಡ ದಾರಿ ಇದೆ. ತಿಂಗಳಿಗೆ ಕೆಲವು ಮೂಟೆ ಹುರಿಯುವ ನನ್ನ ಗೆಳೆಯನಂಥವನು ಏನು ಮಾಡಬೇಕು?

ಮಾರನೇ ದಿನ ಅವನು ಕಣದಲ್ಲೇ ಅಂಗಡಿ ತೆರೆದ. ಚೀಲದಿಂದ ಕೈಯಷ್ಟಗಲದ ಸಣ್ಣ ರೋಸ್ಟರ್, ಗ್ರೈಂಡರ್, ತಕ್ಕಡಿ, ಎಂಟು ಲೋಟ, ಚಮಚ ಹೊರಬಂದವು. ಕಳೆದ ವರ್ಷದ ಎರಡು ಥರದ ಬೀಜ ತರಿಸಿದ. ಚೆನ್ನಾಗಿ ಆರಿಸಿದ್ದು ಒಂದು, ಹಸಿರುಕಾಯಿ ಬೆರೆತದ್ದು ಇನ್ನೊಂದು. ಎರಡನ್ನೂ ಹುರಿದು, ತಣಿಸಿ, ಪುಡಿ ಮಾಡಿ, ಬಿಸಿನೀರು ಹೊಯ್ದ. ನಾಲ್ಕು ನಿಮಿಷ. ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು, ಮೂಗು ಲೋಟದೊಳಗೇ ಇಟ್ಟು ಮೂಸಿದ. ಆಮೇಲೆ ಸರ್ರನೆ ಶಬ್ದ ಮಾಡಿ ಹೀರಿದ. ಸುತ್ತ ನಿಂತ ಹೆಂಗಸರು ಬಿದ್ದು ಬಿದ್ದು ನಕ್ಕರು. ಆದರೆ ಚಮಚ ಕೈಗೆ ಕೊಟ್ಟಾಗ ಒಬ್ಬೊಬ್ಬರೂ ಹೀರಿದರು, ಶಬ್ದ ಮಾಡಿಯೇ. ನಿನ್ನೆ ಚೀಲ ಚಾಪೆಗೆ ಬಿದ್ದವಳು ಎರಡನೇ ಲೋಟ ಹೀರಿ ಮುಖ ಕಿವುಚಿದಳು. 'ಇದು ಒಗರು, ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ.' ಯಾವುದು ಹಸಿರುಕಾಯಿ ಬೆರೆತದ್ದು ಅಂತ ಅವನು ಇನ್ನೂ ಹೇಳಿರಲಿಲ್ಲ!

ಚಾಪೆ ಮೇಲೆ ಕೂರಿಸುವುದು ಯಾಕೆ ಅಂತ ಅವರಿಗೆ ಯಾರೂ ಬಾಯಿಗೆ ಹಾಕಿ ತೋರಿಸಿರಲಿಲ್ಲ. ಬೆಲೆ ಕಡಿತ ಮಾತ್ರ ತೋರಿಸಿದ್ದರು.

ಆಮೇಲೆ ಚೌಕಾಸಿ. ಗೆಳೆಯ ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಬರೆದ. ಸುಮಾರು 6 ಕಿಲೋ ಹಣ್ಣಿಗೆ 1 ಕಿಲೋ ಹಸಿ (ಹುರಿಯದ) ಬೀಜ. ಹುರಿದಾಗ ಆರರಲ್ಲೊಂದು ಪಾಲು ಆವಿ. ಉಳಿದದ್ದರಲ್ಲಿ ಕಪ್ಪಿಗೆ 16 ಗ್ರಾಂ ಹಾಕಿದರೆ 50 ಕಪ್ ಚಿಲ್ಲರೆ. ಅವನ ಅಂಗಡಿ ಬಾಡಿಗೆ, ಗ್ಯಾಸು, ಪೊಟ್ಟಣ, ಹಾಲು ಎಲ್ಲ ಬರೆದ. ತನ್ನ ಲಾಭವನ್ನೂ ಬರೆದ. ವ್ಯಾಪಾರಿಯೊಬ್ಬ ಇದನ್ನು ಮಾರುವವರ ಮುಂದೆ ಬರೆಯೋದನ್ನು ನಾನು ನೋಡಿದ್ದು ಇದೇ ಮೊದಲು. ಖಜಾಂಚಿಯಮ್ಮ ಹಾಲಿನ ಬೆಲೆ ಜಾಸ್ತಿಯಾಯ್ತು ಅಂತ ಆಕ್ಷೇಪಿಸಿದರು. ಮೈಸೂರಿನ ಹಾಲಿನ ರೇಟಿನ ಮೇಲೆ ಹತ್ತು ನಿಮಿಷ ವಾದ ನಡೆಯಿತು.

ಬೆಲೆಗಿಂತ ಹೆಚ್ಚು ಹೊತ್ತು ಹಿಡಿದಿದ್ದು ಷರತ್ತುಗಳು. ಹಿಂದೊಮ್ಮೆ ಒಬ್ಬರು ಬಂದಿದ್ದರಂತೆ. ಮಕ್ಕಳ ಫೋಟೊ ತೆಗೆದರು, ಡ್ರೋನ್ ಹಾರಿಸಿದರು, ಎರಡು ಮೂಟೆ ಕೊಂಡರು. ಆ ಫೋಟೊ ಪೊಟ್ಟಣದ ಮೇಲೆ ಇನ್ನೂ ಬರುತ್ತಿದೆ. ಅವರು ಮತ್ತೆ ಬರಲಿಲ್ಲ. ಹಾಗಾಗಿ ಖಜಾಂಚಿಯಮ್ಮ ಹೇಳಿದ್ದನ್ನು ನಾನು ಎರಡು ಭಾಷೆಯಲ್ಲಿ ಬರೆದುಕೊಟ್ಟೆ. ಬೆಲೆಯ ಅರ್ಧ ಸಂಕ್ರಾಂತಿಗೆ ಮೊದಲೇ ಸಂಘದ ಖಾತೆಗೆ, ದಲ್ಲಾಳಿ ಬೈಕ್ ಬರುವ ಮುಂಚೆ. ಕೊನೇಪಕ್ಷ ಮೂರು ವರ್ಷ ಕೊಳ್ಳಬೇಕು. ಬೀಜದಲ್ಲಿ ದೋಷ ಸಿಕ್ಕರೆ ತಿಂಗಳೊಳಗೆ ಹೇಳಬೇಕು, ಹುರಿದು ಕಳಿಸಿ ತೋರಿಸಬೇಕು. ಫೋಟೊ ಬೇಡ. ಗೆಳೆಯನ ಕಡೆಯಿಂದಲೂ ಒಂದು ಬಂತು: ಕಾಯಿಕೊರಕ ಹುಳ ಕಂಡರೆ ಮುಚ್ಚಿಡದೆ ಹೇಳಬೇಕು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿದ ಆ ಹುಳ ನಮ್ಮ ಮಲೆನಾಡನ್ನೆಲ್ಲ ತಿಂದಿದೆ. ಅರಕು ಬೆಟ್ಟಕ್ಕೆ ಅದು ಕಾಲಿಟ್ಟಿದ್ದು 2025ರಲ್ಲಿ. ಖಜಾಂಚಿಯಮ್ಮನ ಮುಖ ಗಂಭೀರವಾಯಿತು. ಅದಕ್ಕೆ ತಕರಾರಿಲ್ಲದೆ ಒಪ್ಪಿದರು.

ಫೇರ್‌ಟ್ರೇಡ್ ಮುದ್ರೆ ಬೇಡ್ವಾ ಅಂತ ವಾಪಸ್ ಬರುವಾಗ ಗೆಳೆಯನನ್ನು ಕೇಳಿದೆ. ಪ್ರಮಾಣಪತ್ರದ ಖರ್ಚು, ಆಡಿಟ್, ಕಾಗದಪತ್ರ ಎಲ್ಲ ಇಷ್ಟು ಸಣ್ಣ ಸಂಘಕ್ಕೆ ಹೊರೆ ಅಂದ. ಯುರೋಪಿಗೆ ಮಾರುವವರಿಗೆ ಅದು ಬೇಕು, ಸಾವಿರಾರು ಮೈಲಿ ಆಚೆ ಕೂತ ಗಿರಾಕಿ ಬೇರೆ ಯಾವುದನ್ನು ನಂಬಬೇಕು? ಅದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮಲ್ಲೇ ಹತ್ತು ಹೆಕ್ಟೇರ್ ಒಳಗಿನ ಸಣ್ಣ ಬೆಳೆಗಾರರು ನೂರಕ್ಕೆ 98ಕ್ಕೂ ಹೆಚ್ಚಿದ್ದಾರೆ. ಮೂಡಿಗೆರೆ, ಸಕಲೇಶಪುರದಲ್ಲಿ ಅವರು ಇವತ್ತಿಗೂ ಒಬ್ಬೊಬ್ಬರೇ ಮೂಟೆ ಹೊತ್ತು ಬೀಜ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸ್ ಬಾಗಿಲಲ್ಲಿ ನಿಲ್ಲುತ್ತಾರೆ, ರೇಟು ಅವರು ಹೇಳಿದ್ದು ಇವರು ಕೇಳಿದ್ದು. ಒಂದೆಕರೆ ಕಾಫಿಯವರು ಬಕೆಟ್ ಇಟ್ಟುಕೊಂಡು ಷರತ್ತು ಹಾಕುತ್ತಿರುವಾಗ ಐದೆಕರೆಯ ನಮ್ಮವರು ಯಾಕೆ ಒಟ್ಟಿಗೆ ಕೂರೋದಿಲ್ಲ ಅಂತ ಅವನು ಘಟ್ಟ ಇಳಿಯುವವರೆಗೂ ಗೊಣಗುತ್ತಿದ್ದ. ಅವನ ಮಾವನೂ ಹಾಗೆ ಕ್ಯೂ ನಿಲ್ಲುವವರೇ.

ಈಗ ಉಳಿದಿರೋದು ಸಾಗಣೆ. ನಾಲ್ಕು ಮೂಟೆಗೆ ಅರಕುವಿನಿಂದ ಮೈಸೂರಿಗೆ ಲಾರಿ ಬಾಡಿಗೆ ಕೊಟ್ಟರೆ ಕಡ್ಡಿಯಲ್ಲಿ ಬರೆದ ಲಾಭವೆಲ್ಲ ಡೀಸೆಲ್ ಆಗುತ್ತೆ. ಹೈದರಾಬಾದಿನಲ್ಲಿ ಕಾಫಿ ಹುರಿಯುವ ಒಬ್ಬರು ಅರ್ಧ ಲೋಡು ಒಪ್ಪಿದ್ದಾರೆ. ಮೈಸೂರು, ಹಾಸನ, ಬೆಂಗಳೂರಿನ ಕಡೆ ಹುರಿಯುವವರು ಯಾರಾದರೂ ಇದ್ದರೆ ಹೇಳಿ, ಏಪ್ರಿಲ್ ಲಾರಿಯಲ್ಲಿ ಇನ್ನೂ ಜಾಗ ಇದೆ. ಷರತ್ತಿನ ಕಾಗದ ಮೊದಲು ಓದಿಕೊಳ್ಳಿ.