ಮೊಳೆಗೆ ತೂಗುವ ಬಿಳಿ ಕೋಟು

ಗದಗ, 9 ಫೆಬ್ರುವರಿ 2025, ಭಾನುವಾರ

ಬೆಳಿಗ್ಗೆ ಹುಬ್ಬಳ್ಳಿಯಿಂದ ಗದಗಕ್ಕೆ ಬಂದೆ. ಕಾಕಾ ತಗಡಿನ ಶೆಡ್ಡಿನಲ್ಲಿ ನಾಗರಕಲ್ಲು ಕೆತ್ತುತ್ತಾ ಕೂತಿದ್ದರು. ಇಂಗ್ಲೆಂಡಿನಿಂದ ಬಂದ ಮೇಲೆ ಇದೇ ಮೊದಲ ಭೇಟಿ. ಪೇಡೆ ಕೈಗಿಟ್ಟು, ಪಕ್ಕದಲ್ಲೇ ಕೂತು ಫೋಟೊ ತೋರಿಸತೊಡಗಿದೆ.

ಸೇಂಟ್ ಐವ್ಸ್ ಅಂತ ಕಡಲ ದಂಡೆಯ ಊರು. ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅಲ್ಲಿ 1949ರಲ್ಲಿ ಟ್ರೆವಿನ್ ಸ್ಟುಡಿಯೊ ಕೊಂಡರು. 1975ರಲ್ಲಿ ಅಲ್ಲೇ ಬೆಂಕಿ ಬಿದ್ದು ತೀರಿಕೊಂಡರು. ಆಗ ಅವರಿಗೆ 72 ವರ್ಷ. ಅವರ ಇಚ್ಛೆಯಂತೆ ಮನೆಯವರು ಮರುವರ್ಷವೇ ಮನೆಯನ್ನೂ ತೋಟವನ್ನೂ ಜನರಿಗೆ ತೆರೆದರು.

ಕಾಕಾ ಇದನ್ನೆಲ್ಲ ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಕೆಲಸಾ ಮಾಡೋ ಜಾಗಾ ತೋರ್ಸವಾ" ಅಂದರು.

ತೋರಿಸಿದೆ. ಬಿಳಿ ಕೋಟುಗಳು ಮೊಳೆಗೆ ಹಾಗೇ ತೂಗುತ್ತಿವೆ. ಸುತ್ತಿಗೆ, ಉಳಿ ಎಲ್ಲ ಇದ್ದಲ್ಲೇ ಇವೆ. ಅರ್ಧ ಕೆಲಸದ ಕಲ್ಲುಗಳೂ ಉಳಿದಿವೆ. ಅಲ್ಲಿ ನಿಂತಾಗ ನನಗೆ ಮಾತೇ ಬಂದಿರಲಿಲ್ಲ. ಈಗಷ್ಟೇ ಚಹಾ ಕುಡಿಯಲು ಎದ್ದು ಹೋದವರ ಜಾಗದ ಹಾಗಿತ್ತು. ಕಾಕಾ ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಇದು ನಮ್ಮ ಚಾಣಾನ ಐತಲ್ಲ ಯವ್ವಾ!"

ತೋಟದ ಫೋಟೊ ಬಂದಾಗ ಮಾತ್ರ ಹುಬ್ಬೇರಿಸಿದರು. "ಮೂರ್ತಿಗೆ ಯಾಕ ತೂತು ಹಾಕ್ಯಾಳ?"

1930ರ ದಶಕದ ಶುರುವಿನಲ್ಲೇ ಅವರು ಕಲ್ಲಿನ ಆಚೆ ಬದಿಯವರೆಗೂ ತೂತು ಕೊರೆದಿದ್ದರು ಅಂದೆ. ತೂತಿನೊಳಗಿಂದ ಗಿಡ ಕಾಣುತ್ತದೆ, ಆಕಾಶ ಕಾಣುತ್ತದೆ. ನಾವು ಎರಡು ಹೆಜ್ಜೆ ಸರಿದರೆ ಅದೂ ಬೇರೆಯಾಗುತ್ತದೆ. 1966ರ ಒಂದು ಕಂಚಿನ ಶಿಲ್ಪವಂತೂ ಎಷ್ಟು ದೊಡ್ಡದೆಂದರೆ, ಅದರೊಳಗೆ ನಡೆದು ಹೋಗಬಹುದು. ತೋಟದ ಕಂಚಿನ ಶಿಲ್ಪಗಳಲ್ಲಿ ಹೆಚ್ಚಿನವು ಅವರು ಇಟ್ಟ ಜಾಗದಲ್ಲೇ ಇವೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಲಕ್ಕುಂಡಿ ಕಾಶಿ ವಿಶ್ವನಾಥ ಗುಡಿ ಬಾಗಿಲವಾಡ ನೋಡಿಯಲ್ಲ? ಬಳಪದ ಕಲ್ಲಿನ್ಯಾಗ ನೆರಳು ಕೆತ್ಯಾರ. ಈಕಿ ಬೆಳಕು ಕೆತ್ಯಾಳ."

ಲಕ್ಕುಂಡಿಗೆ ಎಷ್ಟು ಸಲ ಹೋಗಿದ್ದೇನೋ. ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ಎಲ್ಲರಿಗೂ ಗೊತ್ತು. ಕೆತ್ತಿದವರು ಎಲ್ಲಿ ಕೂತು ಕೆತ್ತಿದರು, ಅವರ ಚಾಣ ಎಲ್ಲಿ ಹೋದವು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು? ನಮ್ಮ ಹಳೇ ಮನೆ ಕೆಡವಿದಾಗ ಅಜ್ಜನ ಸಾಮಾನು ಒಂದು ಚೀಲ ಗುಜರಿಗೆ ಹೋಯಿತು, ತೂಕದ ಲೆಕ್ಕದಲ್ಲಿ. ನಾನು ಆಗ ಕಾಲೇಜಿನಲ್ಲಿದ್ದೆ. ಬೇಡ ಅಂತ ಒಂದು ಮಾತು ಹೇಳಲಿಲ್ಲ. ಆ ಸಂಕಟ ಇವತ್ತು ಜಾಸ್ತಿಯಾಯಿತು.

ಅದನ್ನು ಹೇಳಿದಾಗ ಕಾಕಾ ಕಾಲ ಬಳಿ ಬಿದ್ದಿದ್ದ ಸಣ್ಣ ಚಾಣ ಎತ್ತಿ ಕೊಟ್ಟರು. ಅಜ್ಜಂದೇ ಅಂತೆ. ಪೆಟ್ಟು ತಿಂದು ತಿಂದು ಅದರ ತಲೆ ಹೂವಿನ ಹಾಗೆ ಅರಳಿದೆ.

ನೋಟ್‌ಬುಕ್ ತೆಗೆದೆ. ಶೆಡ್ಡಿನಲ್ಲಿದ್ದ ಒಂದೊಂದೇ ಸಾಮಾನು ಕೈಗೆ ತಗೊಂಡು ಹೆಸರು ಕೇಳಿದೆ. ಯಾವುದು ಯಾವ ಕೆಲಸಕ್ಕೆ, ಎಷ್ಟು ದಿನಕ್ಕೊಮ್ಮೆ ಸಾಣೆ ಹಿಡಿಯಬೇಕು, ಎಲ್ಲ ಬರೆದುಕೊಂಡೆ. ಕಾಕು ಎರಡು ಸಲ ಊಟಕ್ಕೆ ಕರೆದರು. ಹನ್ನೊಂದು ಹೆಸರು ಆಗಿವೆ. ಮೂಲೆಯ ಪೆಟ್ಟಿಗೆ ಇನ್ನೂ ತೆಗೆದಿಲ್ಲ.