ನದಿ ಇಲ್ಲದ ಊರು ಬೆಳೆದಿದ್ದು ಹೇಗೆ?

ಪಿಯು ಮಕ್ಕಳಿಗೆ ನಗರಗಳ ಹುಟ್ಟಿನ ಪಾಠ ಮಾಡುವಾಗ ಸಿಂಧೂ, ನೈಲ್, ಯೂಫ್ರೆಟಿಸ್ ಬಂದೇ ಬರುತ್ತವೆ. ನದಿ ಇತ್ತು, ಉಂಡು ಮಿಗುವಷ್ಟು ಕಾಳು ಬೆಳೆಯಿತು, ಊರು ದೊಡ್ಡದಾಯಿತು. ಸರಿ. ಆದರೆ ನಾನು ಪಾಠ ಹೇಳುವುದು ಹುಬ್ಬಳ್ಳಿಯಲ್ಲಿ. ಇಲ್ಲಿ ನದಿ ಎಲ್ಲಿದೆ? ಕುಡಿಯುವ ನೀರು ಬರೋದು ಸವದತ್ತಿ ಕಡೆಯ ಮಲಪ್ರಭಾ ಜಲಾಶಯದಿಂದ, ಕಲಘಟಗಿ ಕಡೆಯ ನೀರಸಾಗರದಿಂದ. ನಮ್ಮ ಓಣಿಗೆ ಅದೂ ದಿನಾ ಬರಲ್ಲ. ಬಂದ ದಿನ ಕೊಡ, ಬಕೆಟ್, ಕೊನೆಗೆ ಸಾರಿನ ಪಾತ್ರೆ ಕೂಡ ತುಂಬಿಸಿ ಇಡುತ್ತೇವೆ. ನೀರು ನೋಡಿ ಊರು ಕಟ್ಟುವುದಾಗಿದ್ದರೆ ಯಾರೂ ಈ ಜಾಗ ಆರಿಸುತ್ತಿರಲಿಲ್ಲ.

ಹಾಗಾದರೆ ಏನು ನೋಡಿ ಕಟ್ಟಿದರು? ಉತ್ತರ ನಮ್ಮ ರಸ್ತೆಗಳ ಹೆಸರಲ್ಲೇ ಇದೆ. ಕಾರವಾರ ರಸ್ತೆ, ಗದಗ ರಸ್ತೆ, ವಿಜಯಪುರ ರಸ್ತೆ, ಪುಣೆ-ಬೆಂಗಳೂರು ರಸ್ತೆ. ಎಲ್ಲವೂ ಬೇರೆ ಊರಿಗೆ ಹೋಗುವ ದಾರಿಗಳೇ. ಪೂರ್ವಕ್ಕೆ ಹೋದರೆ ಎರೆಭೂಮಿ: ಹತ್ತಿ, ಜೋಳ, ಕಡಲೆ. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಮಲೆನಾಡಿನ ಸೆರಗು: ಭತ್ತ, ಕಟ್ಟಿಗೆ, ಅಡಿಕೆ. ಅದರಾಚೆ ಘಟ್ಟ, ಸಮುದ್ರ. ಎರಡೂ ಕಡೆಯ ಮಾಲು ಕೈ ಬದಲಾಗಲು ಒಂದು ಜಾಗ ಬೇಕಿತ್ತು. ಗಾಡಿ ನಿಲ್ಲಬೇಕು, ತೂಕ ಆಗಬೇಕು, ಇನ್ನೊಂದು ಗಾಡಿಗೆ ಹೇರಬೇಕು. ಆ ನಿಲುಗಡೆಯೇ ಹುಬ್ಬಳ್ಳಿ.

ಇಲ್ಲಿ 17ನೇ ಶತಮಾನದಲ್ಲೇ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇತ್ತು. 1673ರಲ್ಲಿ ಮರಾಠಾ ಪಡೆ ಪೇಟೆಯನ್ನು ಲೂಟಿ ಮಾಡಿತು. ಲೂಟಿ ಮಾಡುವಷ್ಟು ದುಡ್ಡು ಆಗಲೇ ಇಲ್ಲಿತ್ತು ಅಂತಾಯ್ತು, ಅಲ್ವಾ? ಈಗ ನಾವು ಬಟ್ಟೆ, ಬಳೆ ಕೊಳ್ಳಲು ಓಡಾಡುವ ದುರ್ಗದ ಬೈಲಿನ ಸುತ್ತಲಿನ ಹೊಸ ಹುಬ್ಬಳ್ಳಿ ಹುಟ್ಟಿದ್ದು 1727ರ ಸುಮಾರಿಗೆ, ಸವಣೂರು ನವಾಬರ ಕಾಲದಲ್ಲಿ. ಕಟ್ಟಿಸಿದವರು ಬಸಪ್ಪ ಶೆಟ್ಟರು ಎಂಬ ವ್ಯಾಪಾರಿ. ಬೇರೆ ಊರಿನವರು ರಾಜರ ಹೆಸರು ಹೇಳಿಕೊಂಡು ಮೆರೆಯಲಿ, ನಮ್ಮೂರು ಶೆಟ್ಟರು ಕಟ್ಟಿಸಿದ್ದು. ನನಗಂತೂ ಅದೇ ಹೆಮ್ಮೆ.

ನಮ್ಮಪ್ಪ ಹತ್ತಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಅಂಡಿಗೆಗಳ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲಗಳ, ಮೇಲೆ ಕೂರುತ್ತಿದ್ದೆ. ಖರೀದಿದಾರರು ಬಂದು ಅಂಡಿಗೆಯೊಳಗೆ ಮೊಳಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಹತ್ತಿ ಎಳೆಯುತ್ತಿದ್ದರು. ಮೇಲಿನ ಹತ್ತಿಯನ್ನು ಯಾರೂ ನಂಬುತ್ತಿರಲಿಲ್ಲ. ಎರಡೂ ಹೆಬ್ಬೆರಳ ನಡುವೆ ಹಿಡಿದು ನಿಧಾನವಾಗಿ ಹಿಂಜುತ್ತಿದ್ದರು. ಎಳೆ ಎಷ್ಟು ಉದ್ದ ಬಂತು, ಹೇಗೆ ಕಡಿಯಿತು, ಹಸಿ ಇದೆಯಾ ಅಂತ ನೋಡಿ ದರ ಹೇಳುತ್ತಿದ್ದರು. ಅಪ್ಪ ಪೆನ್ನು ಹಿಡಿದು ಸುಮ್ನೆ ಕಾಯುತ್ತಿದ್ದರು. ಇದೇ ಹತ್ತಿಗಾಗಿ ಸಮುದ್ರದಾಚೆಯವರೂ ಹಾತೊರೆದಿದ್ದರು ಅಂತ ನನಗೆ ತಿಳಿದಿದ್ದು ಕಾಲೇಜಿಗೆ ಬಂದ ಮೇಲೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಅವರ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಕಾರವಾರದಲ್ಲಿ ಬಂದರು ಬೆಳೆಸಿ, ಘಟ್ಟ ಕಡಿದು ರಸ್ತೆ ಮಾಡುವ ಕೆಲಸಕ್ಕೆ ಜೋರು ಬಂತು. ಕಾರವಾರಕ್ಕೆ ರೈಲು ಹಾಕುವ ಮಾತೂ ನಡೆಯಿತು. ಆದರೆ 1880ರ ದಶಕದಲ್ಲಿ ಹಳಿ ಹೋಗಿದ್ದು ಲೋಂಡಾ ಮೇಲೆ ಗೋವಾದ ಮರ್ಮಗೋವಾಕ್ಕೆ. ಹತ್ತಿಯೂ ಅದರ ಹಿಂದೆಯೇ ಹೋಯಿತು. ಕಾರವಾರ ಬಂದರು ಮಂಕಾಯಿತು. ಹುಬ್ಬಳ್ಳಿಗೆ ಮಾತ್ರ ಜಂಕ್ಷನ್ನೂ ಸಿಕ್ಕಿತು, ರೈಲ್ವೆ ವರ್ಕ್‌ಶಾಪೂ ಸಿಕ್ಕಿತು. ಒಂದೇ ಹಳಿ ಒಂದೂರನ್ನು ಎತ್ತಿತು, ಇನ್ನೊಂದೂರನ್ನು ಕೈಬಿಟ್ಟಿತು. ಕಾರವಾರದ ಪಕ್ಕದ ಅಂಕೋಲಾಕ್ಕೆ ಹುಬ್ಬಳ್ಳಿಯಿಂದ ಹಾಕಬೇಕೆಂದಿರುವ ರೈಲು ಇವತ್ತಿಗೂ ಕಾಡಿನ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ಪಾಠದಲ್ಲಿ ಇದನ್ನು ಹೇಳುವಾಗ ಕಾರವಾರದ ಮಕ್ಕಳಿದ್ದರೆ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿಗೇ ಬಂತು. 2023ರಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಅತಿ ಉದ್ದದ್ದು. ಫೋಟೋಕ್ಕೆ ಚೆನ್ನ. ಲಗೇಜು ಹೊತ್ತು ಆ ತುದಿಯ ಬೋಗಿಗೆ ಓಡುವವರನ್ನು ಕೇಳಬೇಡಿ.

ಇನ್ನು ಇಪ್ಪತ್ತು ಕಿಲೋಮೀಟರ್ ಆಚೆ ಧಾರವಾಡ. ಅದು ಬೇರೆಯೇ ಜಾತಿಯ ಊರು. ಬ್ರಿಟಿಷರು ಕಲೆಕ್ಟರ್ ಕಚೇರಿಯನ್ನು ಅಲ್ಲಿಟ್ಟರು. 1890ರಲ್ಲಿ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. ಹುಬ್ಬಳ್ಳಿಯಲ್ಲಿ ಗಳಿಸಿ, ಧಾರವಾಡದಲ್ಲಿ ಓದಿಸಿದ ಮನೆಗಳು ಎಷ್ಟೋ. ನಮ್ಮದೂ ಅದರಲ್ಲಿ ಒಂದು. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಆಗ ನಡುವೆ ಇದ್ದದ್ದು ಜಾಸ್ತಿ ಹೊಲಗಳೇ.

ಈಗ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ಕಿಟಕಿಯಿಂದ ನೋಡಿ. ಉಣಕಲ್ ಕೆರೆ ದಾಟಿದರೆ ನವನಗರ, ಅಮರಗೋಳ, ರಾಯಾಪುರ, ಸತ್ತೂರು. ಎಲ್ಲಿ ಒಂದೂರು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಅಂತ ಹೇಳುವುದೇ ಕಷ್ಟ. ತಮಾಷೆ ಏನೆಂದರೆ, ಮನೆಗಳು ಹೀಗೆ ಕೂಡಿಕೊಂಡ ಹೊತ್ತಿಗೇ, 2025ರ ಜನವರಿಯಲ್ಲಿ, ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಧಾರವಾಡದವರ ಬೇಡಿಕೆ ತಪ್ಪಲ್ಲ. ದುಡ್ಡೆಲ್ಲ ಹುಬ್ಬಳ್ಳಿ ಕಡೆಗೇ ಹೋಗುತ್ತದೆ ಅನ್ನೋದು ಅವರ ಹಳೆಯ ದೂರು. ಪಾಲಿಕೆ ಎರಡು ಮಾಡಲಿ, ತಕರಾರಿಲ್ಲ. ಆದರೆ ನೀರಿನ ಪೈಪು, ಬಸ್ಸು ಮತ್ತು ರಾಯಾಪುರದ ಆಚೀಚೆ ಸೈಟು ಕೊಂಡವರ ಲೆಕ್ಕವನ್ನು ಹೇಗೆ ಎರಡು ಮಾಡುತ್ತಾರೋ, ಅದನ್ನು ನೋಡಬೇಕು.