ಹುಮನಾಬಾದಿನಲ್ಲಿ ಅವ್ವ ರಸ್ತೆ ದಾಟಿದ ದಿನ

ದತ್ತ ಜಯಂತಿಗೆ ಹುಮನಾಬಾದಿನ ಪಕ್ಕದ ಮಾಣಿಕನಗರಕ್ಕೆ, ಸಂತ ಮಾಣಿಕಪ್ರಭುಗಳ ದರ್ಶನಕ್ಕೆ ಕರೆದುಕೊಂಡು ಹೋಗು ಎಂದು ಅವ್ವ ಎರಡು ವರ್ಷದಿಂದ ಕೇಳುತ್ತಿದ್ದಳು. ಬೀದರ್ ಜಿಲ್ಲೆಯ ಹುಮನಾಬಾದ್ ಅವಳ ತವರು. ಪ್ರತಿ ಸಲವೂ ನಾನು ಏನಾದರೊಂದು ನೆಪ ಹೇಳಿ ಮುಂದೆ ಹಾಕುತ್ತಿದ್ದೆ. ನಿಜವಾದ ಕಾರಣ ಬೇರೆಯೇ ಇತ್ತು. ಹಲವು ವರ್ಷಗಳ ಹಿಂದೆ ಸಂಬಂಧಿಕರ ಮದುವೆಗೆ ಹೋದಾಗ, ಊರ ನಡುವಿನ ರಸ್ತೆಯ ಅಂಚಿನಲ್ಲಿ ನಾನು, ಅವ್ವ ಇಬ್ಬರೂ ಕಾಲು ಗಂಟೆ ನಿಂತಿದ್ದೆವು. ಎದುರಿಗೆ ಕೂಗಳತೆಯಲ್ಲಿ ಮಾವನ ಅಂಗಡಿ. ಅವ್ವ ಒಂದು ಹೆಜ್ಜೆ ಡಾಂಬರಿನ ಮೇಲೆ ಇಡುವಳು, ಲಾರಿಯ ಹಾರ್ನ್ ಕೇಳಿ ಹಿಂದೆ ಸರಿಯುವಳು. ಕೊನೆಗೆ ಮಾವನೇ ಬಂದು ಕೈ ಹಿಡಿದು ದಾಟಿಸಿದ. ಆ ದಿನ ಅವಳ ಅಂಗೈ ಬೆವರಿನಿಂದ ಒದ್ದೆಯಾಗಿದ್ದುದು ನನ್ನ ಕೈಗೆ ಇನ್ನೂ ನೆನಪಿದೆ.

ಈ ಡಿಸೆಂಬರಿನಲ್ಲಿ ಕೊನೆಗೂ ಹೊರಟೆವು. ಕಲಬುರಗಿ–ಬೀದರ್ ರೈಲುಮಾರ್ಗ 2017ರಲ್ಲಿ ಪೂರ್ಣವಾಗಿ ತೆರೆದ ಮೇಲೆ ರೈಲಿನಲ್ಲೂ ಹೋಗಬಹುದು. ಆದರೆ ಅವ್ವನಿಗೆ ರಸ್ತೆಯೇ ಬೇಕು. ರೈಲು ಸುರಂಗದೊಳಗೆ ಹೊಕ್ಕರೆ ತವರಿನ ದಾರಿಯ ಗುಡ್ಡ ಕಾಣುವುದಿಲ್ಲ ಎಂಬುದು ಅವಳ ತಕರಾರು. ನಸುಕಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿದೆ. ಮಹಾಗಾಂವ ಕ್ರಾಸ್ ದಾಟುವವರೆಗೆ ಎರಡೂ ಕಡೆ ಕಾಯಿ ಕಟ್ಟಿದ ತೊಗರಿ. ಕಮಲಾಪುರದಲ್ಲಿ ರಸ್ತೆಬದಿಗೆ ಕೆಂಪು ಬಾಳೆಗೊನೆಗಳನ್ನು ತೂಗುಹಾಕಿದ್ದರು. ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದ ಹಣ್ಣು ಅದು, ಬೆಲೆಯೂ ಅದಕ್ಕೆ ತಕ್ಕಂತೆಯೇ. ಮಾವನಿಗೆಂದು ಆರು ಹಣ್ಣು ಕೊಂಡೆವು. ಅಲ್ಲಿಂದ ಮುಂದೆ ನೆಲ ಏರತೊಡಗುತ್ತದೆ, ಕರಿ ಮಣ್ಣು ಹಿಂದೆ ಉಳಿದು ಕೆಂಪು ಮಣ್ಣು ಕಾಣಿಸುತ್ತದೆ. ಕಿಣ್ಣಿ ಸಡಕ್ ಬಂದಾಗ ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಅವಳ ಲೆಕ್ಕದಲ್ಲಿ ತವರು ಅಲ್ಲಿಂದಲೇ ಶುರು.

ಹುಮನಾಬಾದ್ ದೊಡ್ಡ ಊರಲ್ಲ, ಆದರೆ ಅದು ಕುಳಿತಿರುವ ಜಾಗ ದೊಡ್ಡದು. ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ, ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಕಡೆಯಿಂದ ಬರುವ ಹೆದ್ದಾರಿಯೂ ಇಲ್ಲಿ ಕೂಡುತ್ತವೆ. ಹಿಂದೆ ಇವಕ್ಕೆ 9 ಮತ್ತು 218 ಎಂಬ ಸಂಖ್ಯೆಗಳಿದ್ದವು. 2010ರಲ್ಲಿ ದೇಶದ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಬದಲಿಸಿದ ಮೇಲೆ ಇಲ್ಲಿ ಈಗ 65 ಮತ್ತು 50. ಬೀದರಿನ ವಾಹನಗಳೂ ಇಲ್ಲಿಗೇ ಬಂದು ಸೇರುತ್ತವೆ. ನಾಲ್ಕು ದಿಕ್ಕಿನ ಲಾರಿಗಳು ಒಂದೇ ಪೇಟೆಯೊಳಗೆ ನುಗ್ಗಿ, ಅಲ್ಲೇ ಬಲಕ್ಕೆ ತಿರುಗಬೇಕೆಂದರೆ ಏನಾಗುತ್ತದೆ? ಒಂದು ಉದ್ದನೆಯ ಟ್ರೇಲರ್ ತಿರುಗಲು ಹಿಂದೆ ಮುಂದೆ ಮಾಡುವಷ್ಟರಲ್ಲಿ ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸುಗಳು, ಟಂಟಂ ಆಟೋಗಳು ಸಾಲುಗಟ್ಟುತ್ತಿದ್ದವು. ಅವುಗಳಲ್ಲಿ ಎಷ್ಟೋ ಲಾರಿಗಳಿಗೆ ಹುಮನಾಬಾದಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಊರು ಅವುಗಳ ದಾರಿಯಲ್ಲಿತ್ತು, ಅಷ್ಟೇ. ಮಹಾರಾಷ್ಟ್ರದ ಗಡಿಯಿಂದ ತೆಲಂಗಾಣದ ಸಂಗಾರೆಡ್ಡಿಯವರೆಗೆ ಸುಮಾರು 145 ಕಿಲೋಮೀಟರ್ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲಿಸಿ, ಊರ ಹೊರಗಿನಿಂದ ಬೈಪಾಸ್ ಹಾಯಿಸಿದಾಗ ಬೇರ್ಪಟ್ಟದ್ದು ಇದೇ: ಹಾದುಹೋಗುವವರ ದಾರಿ ಬೇರೆ, ಬಂದು ನಿಲ್ಲುವವರ ದಾರಿ ಬೇರೆ.

ಮಾವನದು ಬಳೆ ಅಂಗಡಿ. ಅಂಗಡಿಯ ಬಾಯಿಗೆ ಅಡ್ಡಲಾಗಿ ಮೂರು ಕೋಲು. ಅವಕ್ಕೆ ಪೋಣಿಸಿದ ಹಸಿರು, ಕೆಂಪು, ಅರಿಶಿನ ಬಣ್ಣದ ಗಾಜಿನ ಬಳೆಗಳು. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಈ ಅಂಗಡಿಯಲ್ಲಿ ಕುಳಿತರೆ ಬಳೆಗಳು ದಿನವಿಡೀ ತಾವೇ ಸದ್ದು ಮಾಡುತ್ತಿದ್ದವು. ಭಾರ ಹೊತ್ತ ಲಾರಿ ಬಂದರೆ ಮೊದಲು ನೆಲ ನಡುಗುವುದು, ಆಮೇಲೆ ಕೋಲು, ಆಮೇಲೆ ಬಳೆಗಳು ಕಿಣಿಕಿಣಿ ಎನ್ನುವವು. ಲಾರಿ ಕಣ್ಣಿಗೆ ಕಾಣುವ ಮೊದಲೇ ಮಾವ ಮಾತು ನಿಲ್ಲಿಸಿ ಕಾಯುತ್ತಿದ್ದ, ಹೋದ ಮೇಲೆ ಅದೇ ಮಾತನ್ನು ಮುಂದುವರಿಸುತ್ತಿದ್ದ. ಮಧ್ಯಾಹ್ನ ಒಂದು ಹಳೆಯ ಧೋತರದ ಚೂರಿನಿಂದ ಬಳೆಗಳ ಮೇಲಿನ ಹೊಗೆಮಸಿ ಒರೆಸುವುದು ನನ್ನ ಕೆಲಸ. ಒರೆಸಿದ ಬಟ್ಟೆ ಸಂಜೆಗೆ ಬಾಣಲೆಯ ತಳದಂತೆ ಕಪ್ಪಾಗುತ್ತಿತ್ತು.

ಈ ಸಲ ಹೋದಾಗ ಹಳ್ಳಿಯಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಅಂಗಡಿಯ ಮುಂದೆ, ರಸ್ತೆಗೆ ಬೆನ್ನು ಹಾಕಿ ನಿಂತು ಬಳೆ ಇಡಿಸಿಕೊಳ್ಳುತ್ತಿದ್ದರು. ಬೆನ್ನು ಹಾಕಿ! ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ಮಾವ ಒಬ್ಬಳ ಕೈಯನ್ನು ಹಿಂಡಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಒಂದು ಡಜನ್ ಹಸಿರು ಬಳೆಗಳನ್ನು ಒಂದೂ ಒಡೆಯದಂತೆ ಏರಿಸಿದ. ಆಮೇಲೆ ತಲೆ ಎತ್ತಿ, “ಅಕ್ಕಾ, ಬಂದೆಯಾ? ಬಾ, ಚಹಾ ತರಿಸುತ್ತೇನೆ” ಎಂದ. ಅವ್ವ ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಇರಲೇ ಇಲ್ಲ. ಬಸ್ಸಿನಿಂದ ಇಳಿದವಳು ಮಾಣಿಕಪ್ರಭುಗಳಿಗೆ ಹೂ ಬೇಕೆಂದು ಹೇಳಿದ್ದಳು. ಹೂವಿನವಳು ರಸ್ತೆಯ ಆಚೆ ಬದಿಗೆ ಕುಳಿತಿದ್ದಳು. ನೋಡಿದರೆ, ಅವ್ವ ಒಬ್ಬಳೇ ರಸ್ತೆಯ ಮಧ್ಯದಲ್ಲಿದ್ದಾಳೆ. ಎಡಕ್ಕೆ ನೋಡಿದಳು, ಒಂದು ಆಟೋ ಹೋಗಲು ಬಿಟ್ಟಳು, ಮಂಡಿಯ ಮೇಲೆ ಕೈ ಒತ್ತಿಕೊಂಡು ತನ್ನದೇ ನಿಧಾನದಲ್ಲಿ ಆಚೆ ಸೇರಿದಳು. ನಾನು ಓಡಬೇಕೆಂದುಕೊಂಡವನು ಓಡಲಿಲ್ಲ. ಎಪ್ಪತ್ತೆರಡು ವರ್ಷದ ಅವಳಿಗೆ ತನ್ನೂರಿನ ರಸ್ತೆ ಮರಳಿ ಸಿಕ್ಕ ಹೊತ್ತು ಅದು. ಅದರ ನಡುವೆ ನಾನೇಕೆ ಹೋಗಲಿ?

ಮಾವ ಈ ಬದಲಾವಣೆಯ ಬಗ್ಗೆ ಬರೀ ಸಂತೋಷದ ಮಾತಾಡಲಿಲ್ಲ, ಅದನ್ನೂ ಬರೆಯಬೇಕು. ಮೂಲೆಯಲ್ಲಿ ರಾತ್ರಿಯಿಡೀ ತೆರೆದಿರುತ್ತಿದ್ದ ಚಹಾದ ಹೋಟೆಲು ಈಗಿಲ್ಲ. ಅದರ ಗಿರಾಕಿಗಳೆಲ್ಲ ಲಾರಿಯವರೇ ಆಗಿದ್ದರು. ಪಂಕ್ಚರ್ ಹಾಕುತ್ತಿದ್ದವನು ತನ್ನ ಸಾಮಾನನ್ನು ಬೈಪಾಸಿನ ಬದಿಗೆ ಒಯ್ದ. ನಮ್ಮ ಸಂಬಂಧದಲ್ಲೇ ಒಬ್ಬರ ಹೊಲವನ್ನು ಹೆದ್ದಾರಿ ಸೀಳಿಕೊಂಡು ಹೋಗಿದೆ. ಪರಿಹಾರ ಬಂತು, ಮನೆಯನ್ನೂ ಕಟ್ಟಿದರು. ಆದರೆ ಬಾವಿ ಒಂದು ಕಡೆ, ಹೊಲದ ಉಳಿದ ತುಂಡು ಇನ್ನೊಂದು ಕಡೆ. ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗಲು ಸುತ್ತುಬಳಸಿ ನಡೆಯಬೇಕು. ಪೇಟೆಯ ಜನ ಉಸಿರಾಡಲು ಯಾರೋ ತಮ್ಮ ನೆಲ ಕೊಟ್ಟಿದ್ದಾರೆ ಎಂಬುದನ್ನು ಆ ಚಹಾ ಕುಡಿಯುವಾಗಲೇ ತಿಳಿದುಕೊಂಡೆ. ಮತ್ತೆ ಆ ಮಾತು ತಲೆಯಿಂದ ಹೋಗಲಿಲ್ಲ.

ಮಾಣಿಕನಗರದಲ್ಲಿ ಜಾತ್ರೆಯ ಗದ್ದಲ. ಮಾಣಿಕಪ್ರಭುಗಳನ್ನು ದತ್ತಾತ್ರೇಯನ ಅವತಾರವೆಂದು ನಂಬಿದವರಲ್ಲಿ ಕನ್ನಡದವರು, ಮರಾಠಿಯವರು, ತೆಲುಗಿನವರು ಎಲ್ಲರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಸಾಲಿನಲ್ಲಿ ನಮ್ಮ ಮುಂದೆ ಸೊಲ್ಲಾಪುರದ ಕುಟುಂಬ, ಹಿಂದೆ ಜಹೀರಾಬಾದಿನದು. ಎಲ್ಲರೂ ಬಂದದ್ದು ಅದೇ ಹೆದ್ದಾರಿಯಲ್ಲಿ. ದರ್ಶನವಾಯಿತು, ಪ್ರಸಾದವಾಯಿತು. ಅವ್ವ ಕಂಬಕ್ಕೆ ಒರಗಿ ಎರಡು ತಾಸು ಭಜನೆ ಕೇಳಿದಳು.

ಮರಳುವಾಗ ಅವಳೇ ಕೇಳಿದಳು: “ಆ ಲಾರಿಗಳೆಲ್ಲ ಈಗ ಎಲ್ಲಿ ಹೋಗುತ್ತವೆ, ತೋರಿಸು.”

ಆಟೋ ಹಿಡಿದು ಬೈಪಾಸಿಗೆ ಹೋದೆವು. ಧಾಬಾದ ಮುಂದೆ ಈರುಳ್ಳಿ ತುಂಬಿದ ಲಾರಿಯೊಂದು ನಿಂತಿತ್ತು. ಚಾಲಕ ಚಕ್ರಗಳನ್ನು ಕಬ್ಬಿಣದ ಸರಳಿನಿಂದ ಬಡಿದು ಗಾಳಿ ನೋಡುತ್ತಿದ್ದ. ಸೊಲ್ಲಾಪುರದಿಂದ ವಿಜಯವಾಡಕ್ಕೆ ಹೊರಟವನು. ಮೊದಲೆಲ್ಲ ಹುಮನಾಬಾದ್ ಎಂದರೆ ಕ್ಲಚ್ ಮೇಲಿನ ಕಾಲು ಸೋಲುತ್ತಿತ್ತು, ಈಗ ಗೇರು ಬದಲಿಸದೆ ದಾಟುತ್ತೇನೆ ಎಂದು ದಖನಿ ಉರ್ದುವಿನಲ್ಲಿ ಹೇಳಿದ. ವಿಜಯವಾಡದ ಮುಂದೆ ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಅವ್ವ ಕೇಳಿದಳು. ಮಚಲೀಪಟ್ಟಣಕ್ಕೆ, ಸಮುದ್ರದ ದಂಡೆಗೆ ಎಂದೆ. ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ಅದು ಹಡಗುಗಳು ಬಂದು ನಿಲ್ಲುತ್ತಿದ್ದ ದೊಡ್ಡ ಬಂದರು ಎಂದೂ ಹೇಳಿದೆ. “ನಮ್ಮ ಮನೆಯ ಮುಂದಿನ ರಸ್ತೆ ಸಮುದ್ರಕ್ಕೆ ಹೋಗುತ್ತಿತ್ತೇ?” ಎಂದು ಅವಳು ಕಣ್ಣರಳಿಸಿದಳು. ಬದುಕಿನಲ್ಲಿ ಅವಳು ಸಮುದ್ರ ನೋಡಿದವಳಲ್ಲ.

ನಾವು ಮಾತಾಡುತ್ತಿರುವಾಗಲೇ ಒಂದು ಮೋಟರ್‌ಸೈಕಲ್, ಮೂವರನ್ನು ಹೊತ್ತು, ಎದುರು ದಿಕ್ಕಿನಿಂದ ಹೆದ್ದಾರಿಯ ಅಂಚಿನಲ್ಲೇ ಬಂತು. ನಡುವೆ ಕುಳಿತವಳ ಮಡಿಲಲ್ಲಿ ಕೂಸು. ಒಂದು ಟ್ಯಾಂಕರು ದೀಪ ಮಿನುಗಿಸಿ, ಹಾರ್ನ್ ಒತ್ತಿಹಿಡಿದು, ಅವರನ್ನು ಸವರಿಕೊಂಡಂತೆ ಹೋಯಿತು. ನನ್ನ ಎದೆ ಝಲ್ಲೆಂದಿತು. ಹೊಲಕ್ಕೋ ಪಕ್ಕದ ಹಳ್ಳಿಗೋ ಹೋಗಲು ಸುತ್ತು ಹಾಕುವ ಬದಲು ಜನ ಹೀಗೆ ಬರುತ್ತಾರೆ ಎಂದು ಧಾಬಾದವನು ಹೇಳಿದ. ಪೇಟೆಯ ನಡುವೆ ಅವ್ವನಿಗಿದ್ದ ಭಯ ಈಗ ಊರ ಹೊರಗೆ ಆ ಕೂಸಿನ ತಾಯಿಗೆ ಬಂದಿದೆ. ಹಳ್ಳಿಗೆ ಹೊರಳುವ ಕಡೆಗಳಲ್ಲೆಲ್ಲ ಪಕ್ಕದ ರಸ್ತೆಯೂ, ಎತ್ತಿನ ಬಂಡಿ ಹಾಯುವಂಥ ಕೆಳಸೇತುವೆಯೂ ಹತ್ತಿರದಲ್ಲೇ ಸಿಗುವವರೆಗೆ ಈ ಕೆಲಸ ಮುಗಿದಿಲ್ಲವೆಂದೇ ನಾನು ಹೇಳುತ್ತೇನೆ.

ಹೊತ್ತು ಮುಳುಗುತ್ತಿತ್ತು. ಅವ್ವ ಧಾಬಾದ ಹೊರಗಿನ ಹಗ್ಗದ ಮಂಚದ ಮೇಲೆ ಕುಳಿತು, ಬೆರಳು ಮಡಚುತ್ತ ತುಟಿಯಲ್ಲೇ ಏನೋ ಗುನುಗುತ್ತಿದ್ದಳು. ಏನೆಂದು ಕೇಳಿದೆ. ಹುಡುಗಿಯಾಗಿದ್ದಾಗ ಅವಳೂ ಮಾವನೂ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಲಾರಿ ಎಣಿಸುತ್ತಿದ್ದರಂತೆ. ಸೊಲ್ಲಾಪುರದ ಕಡೆಯವು ಅವಳವು, ಹೈದರಾಬಾದಿನ ಕಡೆಯವು ತಮ್ಮನವು.

“ನಲವತ್ತೊಂದಾಯಿತು” ಎಂದಳು. “ತಮ್ಮನಿಗೆ ಫೋನ್ ಹಚ್ಚು. ಅಂಗಡಿ ಮುಚ್ಚಿ ಬೇಗ ಇಲ್ಲಿಗೆ ಬರಲು ಹೇಳು.”